ಪಿಟ್ಟಿನ ತಳಕ್ಕೆ ಚರಂಡಿ: ಕೊಡಗಿನ ಇಳಿಜಾರಲ್ಲಿ ಬಂಕ್ ಟ್ಯಾಂಕ್ ಕೂರಿಸಿದ ನನ್ನ ಅನುಭವ

ಪೆಟ್ರೋಲ್ ಬಂಕಿನ ಟ್ಯಾಂಕ್ ಹೂಳುವ ಗುಂಡಿಯ, ಅಂದರೆ ಪಿಟ್ಟಿನ, ತಳದಿಂದ ನೀರು ಹೋಗಲು ಚರಂಡಿ ಪೈಪ್ ಹೊರಗೆ ತೆಗೆಯುತ್ತೇನೆ ಅಂದಾಗ ಒಪ್ಪಿದವರು ಕಡಿಮೆ. ಮರಳೆಲ್ಲ ಕೊಚ್ಚಿಕೊಂಡು ಹೋಗುತ್ತದೆ ಅಂದರು ಮೇಸ್ತ್ರಿಗಳು. ಟ್ಯಾಂಕ್ ಸೋರಿದ ದಿನ ಪೆಟ್ರೋಲ್ ನೇರ ಕೆಳಗಿನವರ ಗದ್ದೆಗೆ ಇಳಿಯುತ್ತದೆ ಅಂದರು ಡೀಲರ್‌ಗಳು. ಎರಡೂ ನ್ಯಾಯವಾದ ಭಯವೇ, ಎರಡಕ್ಕೂ ಉತ್ತರ ಇದೆ. ಇವತ್ತು ಮಡಿಕೇರಿ, ವಿರಾಜಪೇಟೆ ಕಡೆ ಇಳಿಜಾರು ಜಾಗ ಇದ್ದವರು ಅವರಾಗಿಯೇ ಫೋನ್ ಮಾಡಿ ಇದನ್ನೇ ಕೇಳುತ್ತಿದ್ದಾರೆ. ಅದಕ್ಕೇ ಬರೆದಿಟ್ಟಿದ್ದೇನೆ.

ಹಳೆಯ ಪದ್ಧತಿ ಎಲ್ಲರಿಗೂ ಗೊತ್ತು: ಸುತ್ತ ಇಟ್ಟಿಗೆ ಗೋಡೆ, ಒಳಗೆ ವಾಟರ್‌ಪ್ರೂಫ್ ಗಾರೆ, ಮಧ್ಯೆ ಟ್ಯಾಂಕ್, ಸುತ್ತ ಮರಳು. ಅಂಥ ಪಿಟ್ಟುಗಳನ್ನು ರಿಪೇರಿಗೆಂದು ತೆರೆದಾಗೆಲ್ಲ ಒಳಗೆ ಸಿಕ್ಕಿದ್ದು ನೀರು. ನೀರು ಒಳಗೆ ಬರಲು ಕೂದಲೆಳೆಯಷ್ಟು ಬಿರುಕು ಸಾಕು, ಹೊರಗೆ ಹೋಗಲು ದಾರಿಯೇ ಇಲ್ಲ. ಕಕ್ಕಡದಲ್ಲಿ (ಜುಲೈ-ಆಗಸ್ಟ್) ತುಂಬಿದ ನೀರು ಪುತ್ತರಿ (ನವೆಂಬರ್-ಡಿಸೆಂಬರ್‌ನ ಸುಗ್ಗಿ ಹಬ್ಬ) ಕಳೆದರೂ ನಿಂತಿರುತ್ತದೆ. ತುಕ್ಕು ತಡೆಯಲು ಟ್ಯಾಂಕಿಗೆ ಸುತ್ತಿದ ಟೇಪಿನಲ್ಲಿ ಎಲ್ಲೋ ಒಂದು ಗೀರು ಬಿದ್ದಿದ್ದರೆ ಅಷ್ಟೂ ತಿಂಗಳು ಅದೊಂದೇ ಜಾಗವನ್ನು ತುಕ್ಕು ತಿನ್ನುತ್ತದೆ.

ಇನ್ನೊಂದು ಮಾತು. ನಮ್ಮಲ್ಲಿ ಸೋರಿಕೆ ಮೊದಲು ಕಾಣಿಸುವುದು ಎಣ್ಣೆ ಹೊರಗೆ ಹೋಗಿ ಅಲ್ಲ, ನೀರು ಒಳಗೆ ಬಂದು. ಹೊರಗಿನ ನೀರಿನ ಒತ್ತಡ ಹೆಚ್ಚಿದ್ದರೆ ತೂತಿನಿಂದ ನೀರು ಒಳಗೆ ನುಗ್ಗುತ್ತದೆ. ಬೇಸಿಗೆಯಲ್ಲಿ ಅದೇ ತೂತಿನಿಂದ ಎಣ್ಣೆ ಹೊರಗೆ ಹೋಗುತ್ತದೆ. ಎಥನಾಲ್ ಬೆರೆಸದ ಕಾಲದಲ್ಲಿ ತಳದ ನೀರನ್ನು ಕೈಪಂಪಿನಿಂದ ತೆಗೆದರೆ ಮುಗಿಯುತ್ತಿತ್ತು. ಈಗ 20% ಎಥನಾಲ್ ಇರುವ ಪೆಟ್ರೋಲಿನಲ್ಲಿ ಸ್ವಲ್ಪ ನೀರು ಕರಗಿಯೇ ಹೋಗುತ್ತದೆ, ಮಟ್ಟ ಅಳೆಯುವ ಡಿಪ್ ರಾಡಿಗೆ ನೀರು ಪತ್ತೆಗೆ ಹಚ್ಚುವ ಪೇಸ್ಟ್‌ಗೆ ಸಿಗುವುದೇ ಇಲ್ಲ. ಮಿತಿ ದಾಟಿದಾಗ ಎಥನಾಲೂ ನೀರೂ ಜೊತೆಯಾಗಿ ತಳಕ್ಕೆ ಇಳಿದು ಲೋಡೇ ಹಾಳು. ಚಳಿ ಹೆಚ್ಚಾದಷ್ಟೂ ಆ ಮಿತಿ ಕಡಿಮೆ, ಮಡಿಕೇರಿಯ ಚಳಿಯ ಬಗ್ಗೆ ಹೇಳಬೇಕಾಗಿಲ್ಲ. ಹಾಗಾಗಿ ನೀರನ್ನು ಟ್ಯಾಂಕಿನ ಹತ್ತಿರ ನಿಲ್ಲಲು ಬಿಡದಿರುವುದೇ ನನ್ನ ಕೆಲಸದ ಬುಡ.

ಪಿಟ್ಟಿನ ಲೆಕ್ಕ ಹೀಗೆ. 20 ಕೆಎಲ್‌ನ (20,000 ಲೀಟರ್) ಎರಡು ಟ್ಯಾಂಕಿಗೆ ಸುಮಾರು 8 ಮೀಟರ್ ಉದ್ದ, 5.5 ಅಗಲ, 3.6 ಆಳ. ಚರಂಡಿ ತಾನಾಗಿ ಹರಿಯಬೇಕಾದರೆ ಪಿಟ್ಟಿನಿಂದ 30 ಮೀಟರ್ ಒಳಗೆ ನಾಲ್ಕು, ನಾಲ್ಕೂವರೆ ಮೀಟರ್ ತಗ್ಗು ಸಿಗಬೇಕು. ಗುಡ್ಡ ಕಡಿದು ಮಾಡಿದ ನಮ್ಮ ಬಂಕ್ ಜಾಗಗಳಲ್ಲಿ ಹಿಂಬದಿಯಲ್ಲಿ ಅದು ಸಿಕ್ಕೇ ಸಿಗುತ್ತದೆ. ತಳವನ್ನು ಒಂದು ಮೂಲೆಗೆ 60ಕ್ಕೆ 1ರಂತೆ ಇಳಿಜಾರು ಮಾಡಿ ಅಲ್ಲಿ 150 ಎಂಎಂ ವ್ಯಾಸದ, ಮೈಯಲ್ಲಿ ತೂತುಗಳಿರುವ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪ್ ಕೂರಿಸಬೇಕು. ಪಿವಿಸಿ ಅಗ್ಗ ಅಂತ ಹಾಕಬೇಡಿ, ಪೆಟ್ರೋಲ್ ತಗುಲಿದರೆ ಮೆತ್ತಗಾಗುತ್ತದೆ. ಪೈಪಿನ ಸುತ್ತ 20 ಎಂಎಂ ಜಲ್ಲಿ, ಅದರ ಸುತ್ತ 200 ಜಿಎಸ್‌ಎಂ ನಾನ್-ವೋವನ್ ಜಿಯೋಟೆಕ್ಸ್‌ಟೈಲ್ (ನೀರು ಬಿಟ್ಟು ಮಣ್ಣು ತಡೆಯುವ) ಬಟ್ಟೆ. ಹೆಚ್ಚಿನವರು ಕೆಡುವುದು ಇಲ್ಲೇ: ಬಟ್ಟೆಯನ್ನು ಕೆಮ್ಮಣ್ಣಿಗೆ ನೇರ ತಾಗಿಸಿದರೆ ಮೊದಲ ಮಳೆಗಾಲದಲ್ಲೇ ನುಣ್ಣನೆ ಮಣ್ಣು ಮೆತ್ತಿಕೊಂಡು ಕಟ್ಟುತ್ತದೆ. ಮಣ್ಣಿಗೂ ಬಟ್ಟೆಗೂ ನಡುವೆ ಅರ್ಧ ಅಡಿ ದಪ್ಪ ಮರಳು ಇರಲೇಬೇಕು. ಅದಿದ್ದರೆ ಮರಳು ಕೊಚ್ಚಿ ಹೋಗುವ ಭಯವೂ ಇಲ್ಲ. ಚರಂಡಿಯ ಬಾಯಲ್ಲಿ ಬಕೆಟ್ ಹಿಡಿದು ನೋಡಿದ್ದೇನೆ, ಮೊದಲ ವಾರದ ಕೆಂಪು ಕಳೆದ ಮೇಲೆ ಬರುವುದು ತಿಳಿನೀರೇ.

ಎರಡನೆಯ ಭಯಕ್ಕೆ ಉತ್ತರ ಟ್ರ್ಯಾಪ್ ಚೇಂಬರ್. ಪಿಟ್ಟಿನಿಂದ ಹೊರಟ ಪೈಪು ತೂತಿಲ್ಲದ್ದು. ಮೊದಲು ಒಂದು ಗೇಟ್ ವಾಲ್ವ್, ಆಮೇಲೆ 1.2 ಮೀಟರ್ ಚೌಕದ, ಒಂದೂವರೆ ಮೀಟರ್ ಆಳದ ಆರ್‌ಸಿಸಿ ಚೇಂಬರ್. ಅದರಿಂದ ಹೊರಗೆ ಹೋಗುವ ಪೈಪಿಗೆ T ಆಕಾರದ ಜೋಡಣೆ ಹಾಕಿ ಅದರ ಕೆಳಗಿನ ಕಾಲನ್ನು ನೀರಿನೊಳಗೆ ಎರಡು ಅಡಿ ಇಳಿಸಬೇಕು. ನೀರು ಅಡಿಯಿಂದ ಹೋಗುತ್ತದೆ, ಎಣ್ಣೆ ಮೇಲೆ ತೇಲಿ ನಿಲ್ಲುತ್ತದೆ. ಈ ಅಳತೆಗೆ 500 ಲೀಟರಿಗಿಂತ ಹೆಚ್ಚು ಎಣ್ಣೆ ಹಿಡಿಯುತ್ತದೆ. ಅದರ ಮುಂದೆ ಇಂಥದ್ದೇ ಇನ್ನೊಂದು ಚಿಕ್ಕ ಚೇಂಬರ್ ಬೇಕು, ಏಕೆಂದರೆ ಜುಲೈ ಹರಿವಿನ ರಭಸಕ್ಕೆ ತೆಳು ಎಣ್ಣೆ ಪದರ ನೀರಿನ ಜೊತೆ ಎಳೆದುಕೊಂಡು ಹೋಗಬಹುದು. ಬೇಸಿಗೆಯಲ್ಲಿ ಟ್ರ್ಯಾಪ್ ಒಣಗಿದರೆ ಎಣ್ಣೆ ತಡೆಯಲು ಏನೂ ಇರುವುದಿಲ್ಲ. ಆದ್ದರಿಂದ ಡಿಸೆಂಬರ್‌ನಿಂದ ಮೇವರೆಗೆ ವಾರಕ್ಕೊಮ್ಮೆ ನೀರು ತುಂಬುವುದು ಬಂಕ್ ಮ್ಯಾನೇಜರ್ ಕೆಲಸ. ಚೇಂಬರ್ ಮೇಲೆ ಎಣ್ಣೆ ಕಂಡ ಕ್ಷಣ ವಾಲ್ವ್ ಮುಚ್ಚಬೇಕು, ಮಾರಾಟ ನಿಲ್ಲಿಸಬೇಕು. ಚೇಂಬರ್ ಒಳಗೆ ಆವಿ ನಿಲ್ಲುವುದರಿಂದ ಅದನ್ನೂ ಟ್ಯಾಂಕ್ ಮ್ಯಾನ್‌ಹೋಲಿನಷ್ಟೇ ಅಪಾಯದ ಜಾಗ ಅಂತ ಲೆಕ್ಕ ಹಾಕಿ. ಇದೆಲ್ಲವನ್ನೂ ನಕ್ಷೆಯಲ್ಲಿ ತೋರಿಸಿ, ಕಂಪನಿ ಎಂಜಿನಿಯರ್ ಒಪ್ಪಿಗೆ ಮತ್ತು ಪೆಸೊ (ಕೇಂದ್ರದ ಪೆಟ್ರೋಲಿಯಂ, ಸ್ಫೋಟಕ ಸುರಕ್ಷತಾ ಸಂಸ್ಥೆ) ಅನುಮೋದನೆ ಸಿಕ್ಕ ಮೇಲೆಯೇ ಅಗೆಯಬೇಕು.

ಟ್ರ್ಯಾಪ್ ನೋಡುವವರು ಗಾಬರಿಯಾಗುವ ಒಂದು ಸಂಗತಿ ಇದೆ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ. ಒಸರುವ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಟ್ಟುತ್ತದೆ, ಥೇಟ್ ಡೀಸೆಲ್ ಹಾಗೆ. ಒಂದು ಕಡ್ಡಿಯಿಂದ ಅದನ್ನು ಮೆಲ್ಲಗೆ ಸೀಳಿ. ಒಡೆದ ಗಾಜಿನ ಚೂರಿನ ಹಾಗೆ ಅಂಚು ಅಂಚಾಗಿ ಬೇರೆಯಾಗಿ ಹಾಗೆಯೇ ನಿಂತರೆ ಅದು ಕಬ್ಬಿಣದ ಬ್ಯಾಕ್ಟೀರಿಯಾದ ಪೊರೆ. ಕಡ್ಡಿ ಹೋದ ದಾರಿ ಸುತ್ತಿಕೊಂಡು ಮತ್ತೆ ಕೂಡಿಕೊಂಡರೆ ಅದು ಎಣ್ಣೆ. ಅದೇ ಬ್ಯಾಕ್ಟೀರಿಯಾ ಪೈಪಿನ ತೂತುಗಳಲ್ಲಿ ತುಕ್ಕು ಬಣ್ಣದ ಲೋಳೆ ಕಟ್ಟುತ್ತದೆ, ಎರಡು ವರ್ಷ ಬಿಟ್ಟರೆ ಚರಂಡಿ ಸತ್ತ ಹಾಗೆಯೇ. ಪೈಪಿನ ಎತ್ತರದ ತುದಿಯನ್ನು ನೆಟ್ಟಗೆ ಮೇಲಕ್ಕೆ ತಂದು ಮುಚ್ಚಳ ಹಾಕಿಟ್ಟರೆ ವರ್ಷಕ್ಕೊಮ್ಮೆ ನೀರು ರಭಸದಿಂದ ಬಿಟ್ಟು ತೊಳೆಯಬಹುದು. ಗಟ್ಟಿಯಾದ ಲೋಳೆಗೆ ನಿಂಬೆ ಹುಳಿಯ ದ್ರಾವಣ ಬಳಸುತ್ತೇನೆ. ಅದರ ಅಳತೆ, ಎಷ್ಟು ಹೊತ್ತು ಬಿಡಬೇಕು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಟ್ಯಾಂಕಿನ ಕಬ್ಬಿಣಕ್ಕೆ ತಾಗದ ಹಾಗೆ ಮಾಡುವ ವಿಧಾನವೂ ನಮ್ಮ ತಂಡದ ಒಳಗೇ ಇರಲಿ.

ಚರಂಡಿ ಇದೆ ಅಂತ ಟ್ಯಾಂಕನ್ನು ಕಟ್ಟದೆ ಬಿಡಬಾರದು. ಚರಂಡಿ ಕಟ್ಟಿಕೊಂಡು ನೀರು ನಿಂತ ರಾತ್ರಿ ಖಾಲಿ ಟ್ಯಾಂಕ್ ನೆಲ ಸೀಳಿಕೊಂಡು ಮೇಲೆ ಬರುತ್ತದೆ. ಪೂರ್ತಿ ಮುಳುಗಿದ 20 ಕೆಎಲ್ ಟ್ಯಾಂಕನ್ನು ನೀರು 20 ಟನ್ ಬಲದಲ್ಲಿ ಮೇಲಕ್ಕೆ ತಳ್ಳುತ್ತದೆ. ಟ್ಯಾಂಕಿನ ಸ್ವಂತ ತೂಕ ಎರಡೂವರೆ, ಮೂರು ಟನ್ ಅಷ್ಟೇ. ಕಾಂಕ್ರೀಟು ನೀರಿನಲ್ಲಿ ಘನ ಮೀಟರಿಗೆ 2.4 ಟನ್ ಅಲ್ಲ, 1.4 ಟನ್ ಮಾತ್ರ. ಸೈಟಿನಲ್ಲಿ ನೋಡಿದ ಲೆಕ್ಕಗಳಲ್ಲಿ ಹೆಚ್ಚಿನವು ತಪ್ಪಿರುವುದು ಇಲ್ಲೇ. ಎರಡೂ ಟ್ಯಾಂಕಿಗೆ ಸೇರಿ ಒಂದೇ 300 ಎಂಎಂ ತಳದ ಸ್ಲ್ಯಾಬ್ ಹಾಕಿದರೆ ಟ್ಯಾಂಕ್ ಒಂದಕ್ಕೆ 9 ಟನ್ ಸಿಗುತ್ತದೆ, ಮೇಲಿನ ಒಂದು ಮೀಟರ್ ಮರಳಿನಿಂದ ನೆನೆದ ಲೆಕ್ಕದಲ್ಲಿ 14-15 ಟನ್. ಟ್ಯಾಂಕ್ ಒಂದಕ್ಕೆ 75×10 ಎಂಎಂ ಪಟ್ಟಿ ಮೂರು, ಪಟ್ಟಿಯ ಕೆಳಗೆ 6 ಎಂಎಂ ರಬ್ಬರ್. ರಬ್ಬರ್ ಬಿಟ್ಟರೆ ಟೇಪ್ ಸವೆದು ತುಕ್ಕು ಶುರುವಾಗುವುದೇ ಪಟ್ಟಿಯ ಅಡಿಯಿಂದ.

ಟ್ಯಾಂಕ್ ತೇಲುವ ಅಪಾಯ ಮಳೆಗಾಲಕ್ಕಿಂತ ಹೆಚ್ಚು ಇರುವುದು ಕೆಲಸ ನಡೆಯುವಾಗ. ಮಾರ್ಚ್‌ನ ಹೂ ಮಳೆ ಕಾಫಿಗೆ ಬೇಕು, ತೆರೆದ ಪಿಟ್ಟಿಗೆ ಬೇಡ. ಒಂದೇ ಸಂಜೆಯ ಮಳೆಗೆ ಪಿಟ್ಟಿನಲ್ಲಿ ಎರಡು ಅಡಿ ನೀರು ನಿಲ್ಲುತ್ತದೆ, ಖಾಲಿ ಟ್ಯಾಂಕ್ ಹೊರಳಿ ಟೇಪ್ ಹರಿಯುತ್ತದೆ. ಟ್ಯಾಂಕ್ ಇಳಿಸಿದ ದಿನವೇ ಪಟ್ಟಿ ಬಿಗಿದು, ಒಳಗೆ ನೀರು ತುಂಬಿಸಿ, ಆಮೇಲೆ ಮರಳು ಹಾಕುವುದು ನನ್ನ ಪದ್ಧತಿ. ಪುತ್ತರಿ ಮುಗಿದ ಮೇಲೆ ಅಗೆತ, ಫೆಬ್ರವರಿಯೊಳಗೆ ಮುಚ್ಚುವುದು. ಮರಳನ್ನು ಅರ್ಧ ಅಡಿಯ ಪದರಗಳಲ್ಲಿ ಹಾಕಿ, ಟ್ಯಾಂಕಿನ ಹೊಟ್ಟೆಯ ಅಡಿಗೆ ಮರದ ದಿಮ್ಮಿಯಿಂದ ತುಂಬಿಸಬೇಕು. ಎಂ-ಸ್ಯಾಂಡ್ ಆದರೆ ಜರಡಿ ಹಿಡಿಯಲೇಬೇಕು, ಚೂಪಾದ ಚೂರುಗಳು 4 ಎಂಎಂ ಟೇಪನ್ನೂ ಸೀಳುತ್ತವೆ. ಕರಾವಳಿಯಿಂದ ಬರುವ ಉಪ್ಪಿನ ಮರಳು ಬಿಟ್ಟಿ ಕೊಟ್ಟರೂ ಬೇಡ.

ಟೇಪ್, ಹಾಲಿಡೇ ಟೆಸ್ಟ್ (ಟೇಪಿನ ತೂತನ್ನು ಕರೆಂಟಿನ ಕಿಡಿಯಿಂದ ಹಿಡಿಯುವುದು), 5 ಪಿಎಸ್‌ಐ ಗಾಳಿ ಒತ್ತಡದಲ್ಲಿ ಸೋಪ್ ನೀರಿನ ಟೆಸ್ಟ್, ಇವು ಈ ಕೆಲಸದವರಿಗೆ ಗೊತ್ತಿದ್ದದ್ದೇ. ಒಮ್ಮೆ ಎಣ್ಣೆ ತುಂಬಿದ್ದ ಟ್ಯಾಂಕಿಗೆ ಮಾತ್ರ ಯಾವ ಕಾರಣಕ್ಕೂ ಗಾಳಿ ಒತ್ತಬೇಡಿ. ಟ್ಯಾಂಕಿನ ಬದಲು ತಾನು ಕರಗಿ ತುಕ್ಕು ತಡೆಯುವ ಮೆಗ್ನೀಸಿಯಂ ಆನೋಡ್ ಬಗ್ಗೆ ಒಂದು ಮಾತು: ಆನೋಡ್ ಹಾಕಿಯೂ ಮೀಟರಿನಲ್ಲಿ ಮೈನಸ್ 0.85 ವೋಲ್ಟ್ ಬರುತ್ತಿಲ್ಲ ಅನ್ನುವವರು ಮೊದಲು ಅರ್ಥಿಂಗ್ ನೋಡಲಿ. ವೆಂಟ್ ಪೈಪಿನ ಮೂಲಕ ಕ್ಯಾನೊಪಿಯ (ಬಂಕಿನ ಮೇಲ್ಛಾವಣಿ) ಅರ್ಥಿಂಗ್‌ಗೆ ಟ್ಯಾಂಕ್ ಸೇರಿಕೊಂಡಿದ್ದರೆ ಆನೋಡ್ ಇಡೀ ಬಂಕಿನ ಕಬ್ಬಿಣ ಕಾಯಲು ಹೊರಟು ಬೇಗ ಕರಗುತ್ತದೆ. ಪೈಪಿನ ಜೋಡಣೆಯಲ್ಲಿ ಕರೆಂಟು ದಾಟಲು ಬಿಡದ ಇನ್ಸುಲೇಟಿಂಗ್ ಫ್ಲ್ಯಾಂಜ್ ಹಾಕಿದರೆ ಸರಿಯಾಗುತ್ತದೆ, ಆದರೆ ಟ್ಯಾಂಕಿನ ಸ್ವಂತ ಅರ್ಥಿಂಗ್ ತಪ್ಪದ ಹಾಗೆ. ಟ್ಯಾಂಕಿನ ಪಕ್ಕ ತಾಮ್ರದ ಅರ್ಥ್ ಹೂಳಿದರೆ ತುಕ್ಕನ್ನು ಕರೆದು ಕೂರಿಸಿದ ಹಾಗೆ.

ಪೈಪಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಟ್ಯಾಂಕಿಗಿಂತ ಪೈಪು ಹೆಚ್ಚು ಸೋರುತ್ತದೆ. ಸಿ ಕ್ಲಾಸ್ (ದಪ್ಪ ಗೋಡೆಯ) ಜಿಐ ಪೈಪಿಗೂ ಥ್ರೆಡ್ ಹಾಕಿದ ಜಾಗದಲ್ಲಿ ದಪ್ಪ ತುಂಬ ಕಡಿಮೆಯಾಗುತ್ತದೆ, ತುಕ್ಕು ಹಿಡಿಯುವುದೂ ಅಲ್ಲೇ. ಹಳೆಯ ಫಿಟ್ಟರ್‌ಗಳು ಜಾಯಿಂಟಿಗೆ ಅರಗಿನ ಪೇಸ್ಟ್ ಹಚ್ಚುತ್ತಿದ್ದರು. ಬರಿ ಪೆಟ್ರೋಲಿಗೆ ಅದು ಕಲ್ಲಿನಂತೆ ನಿಲ್ಲುತ್ತಿತ್ತು, ಎಥನಾಲಿಗೆ ಅರಗು ಕರಗುತ್ತದೆ. ಬಹಳ ವರ್ಷ ಒಂದು ಹನಿಯೂ ಸೋರದ ಲೈನುಗಳು ಈಗ ಬೆವರುತ್ತಿರುವುದಕ್ಕೆ ಇದೊಂದು ಕಾರಣ. ಮ್ಯಾನ್‌ಹೋಲಿನ ಕಾರ್ಕ್ ಗ್ಯಾಸ್ಕೆಟ್‌ಗೂ ಇದೇ ಗತಿ. ನಾನು ವಿಟಾನ್ ರಬ್ಬರ್ ಬಿಟ್ಟು ಬೇರೆ ಹಾಕುವುದಿಲ್ಲ. ದುಬಾರಿ, ಆದರೆ ಮತ್ತೆ ಮ್ಯಾನ್‌ಹೋಲ್ ಬಿಚ್ಚುವ ಖರ್ಚಿನ ಮುಂದೆ ಏನೂ ಅಲ್ಲ.

ಸೋರಿಕೆ ದೃಷ್ಟಿಯಿಂದ, ಎಣ್ಣೆಯನ್ನು ಮೇಲಿನಿಂದ ಎಳೆಯುವ ಸಕ್ಷನ್ ಲೈನೇ ಒಳ್ಳೆಯದು. ಟ್ಯಾಂಕಿನೊಳಗಿನ ಫುಟ್ ವಾಲ್ವ್ ತೆಗೆದು, ಡಿಯು (ಗಾಡಿಗೆ ಎಣ್ಣೆ ಹಾಕುವ ಯಂತ್ರ) ಕೆಳಗೆ ಒಂದೇ ಚೆಕ್ ವಾಲ್ವ್ ಇಟ್ಟು, ಪೈಪನ್ನು ಟ್ಯಾಂಕಿನ ಕಡೆ 100ಕ್ಕೆ 1 ಇಳಿಜಾರು ಮಾಡಿದರೆ, ಪೈಪು ತೂತಾದರೂ ಗಾಳಿ ಎಳೆದು ಎಣ್ಣೆ ಟ್ಯಾಂಕಿಗೇ ಇಳಿಯುತ್ತದೆ. ಪಂಪ್ ಗೊರಗೊರ ಅಂದು ತಾನೇ ಹೇಳಿಬಿಡುತ್ತದೆ. ಆದರೆ ಮಡಿಕೇರಿ 1,150 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು 13% ಕಡಿಮೆ. ಏಪ್ರಿಲ್ ಮಧ್ಯಾಹ್ನ ಪೆಟ್ರೋಲ್ ಲೈನು ಆವಿ ಕಟ್ಟಿ ನಿಲ್ಲುತ್ತದೆ. ಹಾಗಾಗಿ ಡೀಸೆಲಿಗೆ ಸಕ್ಷನ್, ಪೆಟ್ರೋಲಿಗೆ ಎಸ್‌ಟಿಪಿ (ಟ್ಯಾಂಕಿನೊಳಗೆ ಮುಳುಗಿ ಎಣ್ಣೆಯನ್ನು ತಳ್ಳುವ ಪಂಪ್) ಮತ್ತು ಎರಡು ಪದರದ ಎಚ್‌ಡಿಪಿಇ ಲೈನು. ಎಸ್‌ಟಿಪಿ ಲೈನು ಒತ್ತಡದಲ್ಲಿ ಇರುವುದರಿಂದ ಹೊರಪದರದ ತುದಿ, ಸೋರಿದ್ದು ಕಾಣುವ ಹಾಗೆ, ಸಂಪಿನಲ್ಲಿ ತೆರೆದಿರಬೇಕು, ಲೈನ್ ಲೀಕ್ ಡಿಟೆಕ್ಟರ್ ಇಲ್ಲದೆ ಚಾಲೂ ಮಾಡಬಾರದು.

ಎಚ್‌ಡಿಪಿಇ ಎಲೆಕ್ಟ್ರೋಫ್ಯೂಷನ್ (ಕರೆಂಟಿನ ಬಿಸಿಯಿಂದ ಬೆಸೆಯುವ) ಜಾಯಿಂಟ್ ನಮ್ಮಲ್ಲಿ ಕೆಡುವುದು ಎರಡು ಕಾರಣಕ್ಕೆ: ಮಂಜಿನ ತೇವ ಮತ್ತು ಕರೆಂಟು. ಬೆಳಗ್ಗೆ ಹತ್ತಕ್ಕೆ ಮೊದಲು ಜಾಯಿಂಟ್ ಮಾಡಿಸುವುದಿಲ್ಲ. ಲೈನ್ ವೋಲ್ಟೇಜ್ ನಂಬದೆ 5 ಕೆವಿಎ ಜನರೇಟರ್ ತರಿಸುತ್ತೇನೆ. ಮೇಲ್ಪದರ ಕೆರೆದು, ಕ್ಲ್ಯಾಂಪ್ ಬಿಗಿದು, ತಣಿಯುವ ತನಕ ಪೈಪು ಮುಟ್ಟಲು ಬಿಡುವುದಿಲ್ಲ. ತುಂಬಿದ ಮಣ್ಣಿನ ಮೇಲೆ ಹೋಗುವ ಲೈನಿಗೆ ಎರಡೂ ತುದಿಯಲ್ಲಿ ಬಾಗುವ ಫ್ಲೆಕ್ಸಿಬಲ್ ಪೈಪ್ ಬೇಕು, ಎರಡು ಮಳೆಗೆ ಅಂಗಳ ಒಂದಿಂಚು ಕುಸಿಯುವುದು ಇಲ್ಲಿ ಮಾಮೂಲು.

ಡಿಪ್ ಲೆಕ್ಕದಿಂದ ಸೋರಿಕೆ ಹಿಡಿಯುತ್ತೇವೆ ಅನ್ನುವವರಿಗೆ: 2 ಮೀಟರ್ ವ್ಯಾಸದ ಟ್ಯಾಂಕ್ ಅರ್ಧ ಇದ್ದಾಗ ಒಂದು ಎಂಎಂ ಅಂದರೆ 13 ಲೀಟರ್. ಸೆಕೆಂಡಿಗೆ ಒಂದು ಹನಿ ಸೋರಿದರೆ ದಿನಕ್ಕೆ 4 ಲೀಟರ್, ರಾಡಿಗೆ ಅದು ಕಾಣುವುದಿಲ್ಲ. ಇನ್ನೊಂದು ಕಡೆ, ಮಂಗಳೂರಿನಿಂದ 32 ಡಿಗ್ರಿಯಲ್ಲಿ ಬಂದ 12,000 ಲೀಟರ್ ಪೆಟ್ರೋಲ್ ನಮ್ಮ ನೆಲದಡಿಯಲ್ಲಿ 22ಕ್ಕೆ ಇಳಿದರೆ 140 ಲೀಟರ್ ಹತ್ತಿರ ಕುಗ್ಗುತ್ತದೆ, ಡೀಸೆಲ್ ಆದರೆ 100. ಸೋರಿಕೆ ಅಂತ ಗಲಾಟೆಯಾಗಿ ಅಂಗಳ ಅಗೆಸಿದ ಪ್ರಕರಣಗಳಲ್ಲಿ ಕೆಲವು ಬರೀ ಈ ಕುಗ್ಗುವಿಕೆ. ಅಗೆಯುವ ಮೊದಲು ಉಷ್ಣಾಂಶ ಹಾಕಿ ಲೆಕ್ಕ ಮಾಡಿ. ಡಿಪ್ ಪೈಪಿನ ನೇರ ಕೆಳಗೆ ಪೆಟ್ಟು ತಡೆಯುವ ಸ್ಟ್ರೈಕ್ ಪ್ಲೇಟ್ ಇದೆಯೇ ನೋಡಿ, ರಾಡ್ ದಿನಾ ಕುಟ್ಟುವ ಜಾಗ ಮೊದಲು ತೂತಾಗುತ್ತದೆ.

ಸೋರಿಕೆ ಪತ್ತೆಗೆ ಪಿಟ್ಟಿನ ಎರಡು ಮೂಲೆಗೆ ನಾಲ್ಕಿಂಚಿನ ವೀಕ್ಷಣಾ ಪೈಪ್ ಇಟ್ಟು ಬೇರೆ ಬೇರೆ ವಸ್ತು ಇಳಿಸಿ ನೋಡಿದ್ದೇನೆ. ಇದ್ದಿಲ ಚೀಲ ಬರೀ ತೇವ ಹೀರಿತು. ಉಪಯೋಗಕ್ಕೆ ಬಂದದ್ದು ಥರ್ಮೋಕೋಲ್: ದಾರಕ್ಕೆ ಕಟ್ಟಿ ನೀರಿನ ಮಟ್ಟಕ್ಕೆ ಬಿಟ್ಟರೆ ಪೆಟ್ರೋಲ್ ಪದರ ತಾಗಿದ ಕಡೆ ಅಂಟಂಟಾಗಿ ಕುಗ್ಗುತ್ತದೆ. ಡೀಸೆಲಿಗೆ ನಿಧಾನ, ನೆಚ್ಚಿಕೊಳ್ಳುವ ಹಾಗಿಲ್ಲ.

ಖರ್ಚು ನೆನಪಿನಿಂದ ಹೇಳುತ್ತೇನೆ. ಎರಡು ಟ್ಯಾಂಕಿನ ಇಟ್ಟಿಗೆ ಗೋಡೆ, ವಾಟರ್‌ಪ್ರೂಫಿಂಗ್‌ಗೆ ಮೂರೂವರೆ ಲಕ್ಷ ಹತ್ತಿರ ಆಗುತ್ತಿತ್ತು. ಚರಂಡಿ, ಬಟ್ಟೆ, ಜಲ್ಲಿ, ಎರಡು ಚೇಂಬರ್, ವಾಲ್ವ್ ಸೇರಿ ಒಂದೂಕಾಲು, ಒಂದೂವರೆ ಲಕ್ಷ. ತಳದ ಸ್ಲ್ಯಾಬ್ ಮತ್ತು ಪಟ್ಟಿಯ ಖರ್ಚು ಎರಡೂ ಪದ್ಧತಿಗೆ ಸಮಾನ. ಹೆಚ್ಚುವರಿ ಬರುವುದು ಮರಳಿಗೆ, ಮೈಸೂರು ಕಡೆಯಿಂದ ತರಿಸಿದರೆ ಬಾಡಿಗೆಯೇ ಅರ್ಧ.

ಕುಶಾಲನಗರದ ನದಿ ಬದಿ, ಭಾಗಮಂಡಲದ ಸಂಗಮದ ಹತ್ತಿರದಂಥ ಸಮತಟ್ಟು ಜಾಗಕ್ಕೆ ಇದು ನಡೆಯುವುದಿಲ್ಲ. ಹೊಳೆ ಏರಿದಾಗ ಚರಂಡಿಯಿಂದಲೇ ನೀರು ಹಿಂದೆ ಬರುತ್ತದೆ. ಅಲ್ಲಿ ತಳದ ಸ್ಲ್ಯಾಬನ್ನು 450 ಎಂಎಂಗೆ ಏರಿಸಿ, ಫಿಲ್ ಪಾಯಿಂಟ್ ಮತ್ತು ಮ್ಯಾನ್‌ಹೋಲ್ ಚೇಂಬರ್‌ಗಳನ್ನು ಅಂಗಳಕ್ಕಿಂತ ಒಂದಡಿ ಎತ್ತರಿಸಿ, ಕೇಬಲ್ ಗ್ಲ್ಯಾಂಡ್‌ಗಳನ್ನು ಸೀಲ್ ಮಾಡಿ, ಜೂನ್ ಕೊನೆಯಿಂದ ಸೆಪ್ಟೆಂಬರ್ ತನಕ ಯಾವ ಟ್ಯಾಂಕೂ ಮುಕ್ಕಾಲಿಗಿಂತ ಕೆಳಗೆ ಹೋಗದ ಹಾಗೆ ಲೋಡ್ ತರಿಸಿಕೊಳ್ಳಬೇಕು.