ಅಡಿಕೆ ಸುಲಿಯೋ ಟೈಮಲ್ಲಿ ಕ್ರಿಸ್‌ಮಸ್: ಮಲೆನಾಡ ಹಳ್ಳಿ ಸಭೆಯಲ್ಲಿ ಹಬ್ಬದ ಸೇವೆ ಮಾಡೋದು ಹೇಗೆ

ನಮ್ಮ ಮನೆಯವರು ಚರ್ಚಿನ ಸಭಾಪಾಲಕರು, ಅಂದ್ರೆ ಪಾದ್ರಿ. ನಾವು ಮಂಗಳೂರು ಕಡೆಯಿಂದ ಘಟ್ಟ ಹತ್ತಿ ತೀರ್ಥಹಳ್ಳಿ ಸೀಮೆಯ ಈ ಹಳ್ಳಿಗೆ ಬಂದ ಮೊದಲನೇ ವರ್ಷ ಡಿಸೆಂಬರಲ್ಲಿ ಪೇಟೆಯಿಂದ ಒಂದು ಯುವಜನ ಟೀಮ್ ಕರೆಸಿದ್ವಿ. ಪ್ರೊಜೆಕ್ಟರ್, ಬಿಳಿ ಪರದೆ, ಗಿಟಾರು, ಇನ್ನೂರು ಚೇರು ಬಾಡಿಗೆಗೆ, ಎಲ್ಲಾ ರೆಡಿ. ಸಂಜೆ ಏಳಕ್ಕೆ ಪ್ರೋಗ್ರಾಮು. ಬಂದವರು ಹನ್ನೊಂದು ಜನ, ಅದರಲ್ಲಿ ನಾಲ್ಕು ಜನ ನಮ್ಮನೆಯವರೇ. ನಾನು ರಾತ್ರಿ ಕೂತು ಅತ್ತುಬಿಟ್ಟೆ, ಊರಿಗೇ ನಾವು ಬೇಡ ಅಂತ. ಮಾರನೇ ದಿನ ಪಕ್ಕದ ಮನೆ ಅಜ್ಜಿ ಕೇಳಿದ್ರು, ‘ಅಲ್ಲ ಅಮ್ಮಾ, ಅಡಿಕೆ ಸುಲಿಯೋ ಹೊತ್ತಲ್ಲಿ ಯಾರಾದ್ರೂ ನಾಟಕ ಇಡ್ತಾರಾ?’

ಅಷ್ಟೇ ವಿಷಯ. ನವೆಂಬರಿಂದ ಜನವರಿ ದಾಟೋವರೆಗೂ ಇಲ್ಲಿ ಹಗಲು ಅಡಿಕೆ ಗೊನೆ ಕೊಯ್ಲು, ಸಂಜೆ ಆದ್ಮೇಲೆ ಚಪ್ಪರದಡಿ ಮೆಟ್ಟುಕತ್ತಿ ಇಟ್ಕೊಂಡು ಸುಲಿಯೋದು, ಡಬ್ಬಕ್ಕೆ ಇಷ್ಟು ಅಂತ ದುಡ್ಡು. ಕೂಲಿ ಮಾಡೋ ಮನೆಗಳಿಗೆ ವರ್ಷದಲ್ಲಿ ನಾಲ್ಕು ಕಾಸು ಕೈಗೆ ಬರೋ ಟೈಮೇ ಅದು, ನಮ್ಮ ಸಭೆಯವರೂ (ಚರ್ಚಿಗೆ ಬರೋರು) ಅರ್ಧಕ್ಕರ್ಧ ಅವರೇ. ನಾವು ಅದನ್ನೇ ನೋಡದೆ ಚೇರು ಹಾಕಿ ಕೂತಿದ್ವಿ.

ಅದಕ್ಕೇ ಹೊಸದಾಗಿ ಹಳ್ಳಿಗೆ ಬಂದ ಸುವಾರ್ತಿಕರಿಗೆ (ಯೇಸುವಿನ ಮಾತು ಸಾರೋರಿಗೆ), ಸಭಾಪಾಲಕರ ಮನೆಯವರಿಗೆ, ಹಬ್ಬಕ್ಕೆ ನಾಲ್ಕು ದಿನ ಬಂದು ಹೋಗೋ ಯುವಜನರಿಗೆ ಅನುಕೂಲ ಆಗ್ಲಿ ಅಂತ ಬರೀತಿದೀನಿ. ನನಗೆ ಗೊತ್ತಿರೋದು ಈ ಒಂದು ಊರು, ನಿಮ್ಮಲ್ಲಿ ಅಡಿಕೆ ಬದಲು ಕಾಫಿ ಇರಬಹುದು, ಆಗ ಅರೇಬಿಕಾ ಹಣ್ಣು ಕುಯ್ಯೋ ಟೈಮು ಕ್ರಿಸ್‌ಮಸ್‌ಗೆ ಸರಿಯಾಗಿ ಬಂದು ಕೂರತ್ತೆ, ಲೆಕ್ಕ ಅದೇ.

ಮೊದಲ ಕೆಲಸ ಅಕ್ಟೋಬರಲ್ಲೇ, ಊರಿನ ಪಂಚಾಂಗ ಬರ್ಕೊಳ್ಳೋದು. ನಿಮ್ಮ ಸಭೆ ಕ್ಯಾಲೆಂಡರ್ ಅಲ್ಲ, ಊರಿಂದು. ಸುಬ್ರಹ್ಮಣ್ಯ ಷಷ್ಠಿ ಯಾವತ್ತು, ಹತ್ತಿರದ ಜಾತ್ರೆ ಯಾವತ್ತು, ಯಕ್ಷಗಾನ ಮೇಳ ಯಾವ ರಾತ್ರಿ ಬರತ್ತೆ, ಸಂತೆ ಯಾವ ವಾರ, ಯಾರ ಮನೆ ಕೊಯ್ಲು ಯಾವಾಗ, ಇದೆಲ್ಲ ಟೀ ಅಂಗಡಿಯಲ್ಲಿ ಅರ್ಧ ಗಂಟೆ ಕೂತ್ರೆ ಸಿಗತ್ತೆ. ಡಿಸೆಂಬರ್ 16ರ ಸುಮಾರಿಗೆ ಧನುರ್ಮಾಸ ಶುರು, ದೇವಸ್ಥಾನದಲ್ಲಿ ಬೆಳಗಿನ ಜಾವ ಪೂಜೆ, ಹಾಗಾಗಿ ನಾಲ್ಕು ಗಂಟೆಗೆ ಡೋಲು ಬಡ್ಕೊಂಡು ಕ್ಯಾರಲ್ (ಮನೆಮನೆಗೆ ಹೋಗಿ ಕ್ರಿಸ್‌ಮಸ್ ಹಾಡು ಹಾಡೋದು) ಹೊರಡೋ ಪೇಟೆ ಪದ್ಧತಿ ಇಲ್ಲಿ ಬೇಡ. ಹೊರಟ್ರೆ ಯಾರೂ ಜಗಳಕ್ಕೆ ಬರಲ್ಲ, ಆದ್ರೆ ಮನಸ್ಸಲ್ಲಿ ಇಟ್ಕೋತಾರೆ.

ಊರನ್ನ ಮೊದಲು ಕಲಿಯೋದು ಹೊಸ ಬುದ್ಧಿ ಏನಲ್ಲ. 1834ರ ಅಕ್ಟೋಬರಲ್ಲಿ ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಸಂಸ್ಥೆಯ ಹೆಬಿಕ್, ಲೇನರ್, ಗ್ರೈನರ್ ಮೂರು ಜನ ಪಾದ್ರಿಗಳು ಮಂಗಳೂರಿಗೆ ಬಂದಾಗ ಅವರಿಗೆ ಇಲ್ಲಿನ ಮಾತೇ ಬರ್ತಿರಲಿಲ್ಲ. ಆಮೇಲೆ ಬಂದ ಮೋಗ್ಲಿಂಗ್ ಜುಲೈ 1, 1843ಕ್ಕೆ ಮಂಗಳೂರ ಸಮಾಚಾರ ಅಂತ ಪತ್ರಿಕೆ ಶುರು ಮಾಡಿದ್ದು, ದಾಸರ ಪದಗಳನ್ನೂ ಸೇರಿಸಿ ಅಚ್ಚು ಹಾಕ್ಸಿದ್ದು ನಮಗೆಲ್ಲ ಗೊತ್ತು. ಪಾದ್ರಿಗೆ ದಾಸರ ಪದ ಯಾಕೆ ಬೇಕಿತ್ತು ಅಂತ ಯೋಚ್ನೆ ಮಾಡಿ. ಅದೇ ಮಿಷನ್‌ನ ಕಿಟೆಲ್ ಅವರ ಕನ್ನಡ ನಿಘಂಟು ಬಂದಿದ್ದು 1894ರಲ್ಲಿ, ಅವರು ಈ ನಾಡಿಗೆ ಬಂದು ನಲವತ್ತು ವರ್ಷ ಆದ್ಮೇಲೆ. ನಮ್ಮ ಹುಡುಗರು ಮೂರು ದಿನಕ್ಕೆ ಬಂದು ನಾಲ್ಕನೇ ದಿನ ರಿಪೋರ್ಟ್ ಕಳಿಸ್ತಾರೆ.

ಇನ್ನು ಕ್ಯಾರಲ್ ರೌಂಡ್ಸ್. ನಾವೀಗ ಮಾಡೋದು ಹೀಗೆ: ಸಂಜೆ ಆರೂವರೆಗೆ ಹೊರಟು, ಎಲ್ಲಿ ಸುಲಿತ ನಡೀತಿದೆಯೋ ಆ ಚಪ್ಪರಕ್ಕೇ ಹೋಗೋದು, ಮೊದಲೇ ಮನೆ ಯಜಮಾನ್ರಿಗೆ ‘ಬರ್ಬೋದಾ ಗೌಡ್ರೇ’ ಅಂತ ಕೇಳಿರ್ಬೇಕು, ಹೋದ್ಮೇಲೆ ನಿಂತು ಹಾಡೋದಲ್ಲ, ಕೂತು ಅವರ ಜೊತೆ ನಾಲ್ಕು ಅಡಿಕೆ ಸುಲಿದು (ನನ್ನ ಕೈ ಮೂರು ಸಲ ಕುಯ್ದಿದೆ, ಬರದೇ ಇರೋರು ಸುಲಿದ ಬೇಳೆ ಆರಿಸಿ ಕೊಡಿ ಸಾಕು), ಮಾತಾಡಿ, ಆಮೇಲೆ ಮೂರು ಹಾಡು. ಮೂರೇ. ಐದನೇ ಹಾಡಿಗೆ ಅವರ ಕೈ ನಿಧಾನ ಆಗತ್ತೆ, ಅದು ಅವರ ಕೂಲಿ. ಜರ್ಮನ್ ರಾಗದ ಹಳೇ ಸಂಗೀತಗಳು ನನಗೆ ಪ್ರಾಣ, ನಮ್ಮಪ್ಪ ನಾಲ್ಕು ಧ್ವನಿಯಲ್ಲಿ ಹಾಡಿಸ್ತಿದ್ರು, ಆದ್ರೆ ಚಪ್ಪರದಡಿ ಅದು ಹತ್ತಲ್ಲ, ಹಾರ್ಮೋನಿಯಂ, ತಾಳ, ತಬಲ ಇಟ್ಕೊಂಡು ಭಜನೆ ಧಾಟಿಯಲ್ಲಿ ಒಬ್ರು ಹೇಳಿ ಎಲ್ಲರೂ ಹಿಡಿಯೋ ಹಾಡಿದ್ರೆ ಅವರೂ ದನಿ ಸೇರಿಸ್ತಾರೆ. ಒಂದು ಸಲ ಸುಲೀತಿದ್ದ ಅಣ್ಣ ಒಬ್ರು ನಮ್ಮ ತಬಲದ ಹುಡುಗನನ್ನ ಎಬ್ಬಿಸಿ ತಾವೇ ಬಾರಿಸಿದ್ರು, ಆಮೇಲೆ ಪ್ರತಿ ವರ್ಷ ಅವರೇ ಬಾರ್ಸೋದು, ಅವರು ನಮ್ಮ ಸಭೆಯವರಲ್ಲ.

ಕ್ರಿಸ್‌ಮಸ್ ತಾತನನ್ನ ಕರ್ಕೊಂಡು ಹೋಗ್ಬೇಕಾ ಅಂತ ಕೇಳ್ತಾರೆ. ಮಕ್ಕಳಿಗೆ ಖುಷಿ, ಹೋಗ್ಲಿ. ಆದ್ರೆ ಆ ಹತ್ತಿ ಗಡ್ಡ, ವೆಲ್ವೆಟ್ ಕೋಟು ಹಾಕ್ಕೊಂಡು ಗುಡ್ಡ ಹತ್ತಿದ ಹುಡುಗ ಎರಡನೇ ಮನೆಗೇ ಬೆವೆತು ತಲೆ ಸುತ್ತಿ ಕೂತಿದ್ದ, ನೀರು ಕುಡಿಸ್ತಾ ಇರಿ.

ಮೈಕ್ ಇಡೋದಾದ್ರೆ ಠಾಣೆಗೆ ಅರ್ಜಿ ಕೊಟ್ಟು ಪರ್ಮಿಷನ್ ತಗೊಳ್ಳಿ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕೋ ಹಾಗಿಲ್ಲ ಅನ್ನೋ ನಿಯಮ 2000ದಿಂದಲೂ ಇದೆ. ಪಂಚಾಯ್ತಿ ಮೆಂಬರ್‌ಗೂ ಹೇಳಿ, ಕಾಗದದಲ್ಲೂ ಬಾಯಲ್ಲೂ. ನನ್ನ ಕೇಳಿದ್ರೆ ಮೈಕೇ ಬೇಡ. ಕರೆಂಟು ನಂಬ್ಕೊಂಡು ಯಾವ ಪ್ರೋಗ್ರಾಮೂ ಇಡ್ಬೇಡಿ, ಚಾರ್ಜಿಂಗ್ ಲೈಟು ಎರಡು, ಟಾರ್ಚು ತಲೆಗೊಂದು.

ಮನೆಮನೆಗೆ ಹಬ್ಬದ ತಿಂಡಿ ಹಂಚೋ ತಟ್ಟೆ ವಿಷಯ ಸ್ವಲ್ಪ ಉದ್ದಕ್ಕೆ ಹೇಳ್ಬೇಕು, ಹೊಸಬ್ರು ಎಡವೋದೇ ಇಲ್ಲಿ. ಕುಸ್ವಾರ್ ಅಂದ್ರೆ ಕರಾವಳಿಯವರಿಗೆ ಗೊತ್ತು, ಕ್ರಿಸ್‌ಮಸ್ ತಿಂಡಿಗಳು: ಕಿಡಿಯೊ, ನೆವ್ರಿ, ಗುಲಾಬಿ ಹೂವು, ತುಕ್ಡಿ. ಡಿಸೆಂಬರ್ 18ರ ಸುಮಾರಿಗೆ ಸ್ತ್ರೀ ಸಮಾಜದವರೆಲ್ಲ ಒಂದೇ ಮನೇಲಿ ಕೂತು ಮಾಡ್ತೀವಿ, ಇಲ್ಲಿನ ತೇವಕ್ಕೆ ಕರಿದಿದ್ದು ಎರಡೇ ದಿನಕ್ಕೆ ಮೆತ್ತಗಾಗತ್ತೆ, ಹಾಗಾಗಿ ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ತಗಡಿನ ಡಬ್ಬಕ್ಕೆ ಹಾಕಿ, ಡಬ್ಬದ ಕೆಳಗೆ ನೀರಿನ ತಟ್ಟೆ ಇಡಿ, ಇಲ್ಲಾಂದ್ರೆ ಇರುವೆ ಹಬ್ಬ ಮಾಡತ್ತೆ. ಹಂಚುವಾಗ ಮನೆ ನೋಡಿ ಹಂಚ್ಬೇಕು. ಕೆಲವು ಮನೆಯವರು ಬೇರೆಯವರು ಬೇಯಿಸಿದ್ದು ತಿನ್ನಲ್ಲ, ಅದಕ್ಕೆ ಬೇಜಾರು ಮಾಡ್ಕೋಬೇಡಿ, ಅವರಿಗೆ ಬಾಳೆಹಣ್ಣಿನ ಚಿಪ್ಪು, ತೆಂಗಿನಕಾಯಿ, ಕಿತ್ತಳೆ ಕೊಡಿ, ಎರಡೂ ಕೈಲಿ ತಗೋತಾರೆ. ಕೇಕಿಗೆ ಮೊಟ್ಟೆ ಹಾಕಿದ್ರೆ ಬಾಯಿಬಿಟ್ಟು ಹೇಳಿ. ಒಂದು ವರ್ಷ ಟೀಮಿನ ಹುಡುಗಿಯೊಬ್ಬಳು ‘ಏನೂ ಇಲ್ಲ ಆಂಟಿ, ತಿನ್ನಿ’ ಅಂತ ಮೊಟ್ಟೆ ಕೇಕ್ ಕೊಟ್ಟು, ಆಮೇಲೆ ಗೊತ್ತಾಗಿ, ಆ ಮನೆ ಅಂಗಳಕ್ಕೆ ನಾನು ಮತ್ತೆ ಕಾಲಿಡೋಕೆ ಎರಡು ಮಳೆಗಾಲ ಬೇಕಾಯ್ತು. ಈಗ ಹಂಚೋ ಕೇಕೆಲ್ಲ ಮೊಟ್ಟೆ ಹಾಕದೇ ಇರೋದೇ.

ಮತ್ತೆ ಕೊಡೋದು ಎಲ್ಲರಿಗೂ ಒಂದೇ ಅಳತೆ. ಬಡವರ ಮನೆಗೆ ಮಾತ್ರ ಸೀರೆ, ಕಂಬಳಿ ಅಂತ ಹಬ್ಬದ ದಿನ ಕೊಡೋದು ನಾವು ನಿಲ್ಲಿಸಿಬಿಟ್ವಿ. ಆಸೆ ತೋರ್ಸಿ ಜಾತಿ ಕೆಡಿಸ್ತಾರೆ ಅಂತ ಮಾತು ಬರತ್ತೆ ಅನ್ನೋದು ಒಂದು, ಅದಕ್ಕಿಂತ ಹೆಚ್ಚು, ತಗೊಂಡವರು ಆಮೇಲೆ ನಮ್ಮ ಎದುರು ತಲೆ ಎತ್ತಿ ಮಾತಾಡ್ತಿರಲಿಲ್ಲ. ಕಷ್ಟಕ್ಕೆ ಸಹಾಯ ಮಾಡ್ಬೇಕಂದ್ರೆ ಜುಲೈನಲ್ಲಿ ಮಾಡಿ, ಕೂಲಿ ಇರಲ್ಲ, ಮಳೆ ಬಿಡಲ್ಲ, ಒಲೆಗೆ ಒಣ ಸೌದೆ ಕೂಡ ಇರಲ್ಲ. ಆಗ ಫೋಟೋಗೆ ಬೆಳಕೂ ಇರಲ್ಲ, ಅದೂ ಒಳ್ಳೇದೇ. ಕಾಲುಸಂಕ ದಾಟಿ ಜ್ವರದ ಮನೆಗೆ ಗಂಜಿ ತಗೊಂಡು ಹೋಗಿದ್ರೆ ಡಿಸೆಂಬರಲ್ಲಿ ನಿಮ್ಮನ್ನ ಚಪ್ಪರಕ್ಕೆ ಅವರೇ ಕರೀತಾರೆ.

ಹೊರಗಿಂದ ಬರೋ ಟೀಮಿಗೆ ಒಂದೆರಡು ಮಾತು. ಮಕ್ಕಳ ಫೋಟೋ ಅಪ್ಪ ಅಮ್ಮನ್ನ ಕೇಳದೆ ತೆಗೀಬೇಡಿ. ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ಪ್ರಾರ್ಥನೆ ಮಾಡಿ, ಬೇಡ ಅನ್ನಲ್ಲ, ಆದ್ರೆ ಮಾತ್ರೆ ನಿಲ್ಲಿಸಿ ಅಂತ ಯಾವತ್ತೂ ಹೇಳ್ಬೇಡಿ, ಒಬ್ಬ ಅತಿಥಿ ಪ್ರಸಂಗಿ (ಬೋಧನೆ ಮಾಡೋಕೆ ಬಂದವರು) ಸಕ್ಕರೆ ಕಾಯಿಲೆಯ ಅಮ್ಮನಿಗೆ ಹಾಗೆ ಹೇಳಿ ಹೋದ್ರು, ಹದಿನೈದು ದಿನ ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂತಿದ್ದು ನಾನು. ಅವರು ಫೋನ್ ಕೂಡ ಮಾಡಲಿಲ್ಲ.

ಮತ್ತೆ ಕಾಡು. ಗೋದಲಿಗೆ (ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ಅಲಂಕಾರಕ್ಕೆ) ಪಾಚಿ, ಜರೀಗಿಡ ತರ್ತೀವಿ ಅಂತ ಮಕ್ಕಳನ್ನ ಕರ್ಕೊಂಡು ಕಾಡಿಗೆ ನುಗ್ಬೇಡಿ. ಡಿಸೆಂಬರಿಂದ ಮೇ ವರೆಗೆ ನಮ್ಮ ಕಡೆ ಮಂಗನ ಕಾಯಿಲೆ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಗೊತ್ತಾಗಿದ್ದು, ಉಣ್ಣಿ ಕಚ್ಚಿ ಬರೋದು, ಇವತ್ತಿಗೂ ಜನ ಸಾಯ್ತಾರೆ. ತೋಟಕ್ಕೋ, ದರಕಲು ಅಂದ್ರೆ ಒಣ ಎಲೆ ತರೋಕೋ ಹೋಗಲೇಬೇಕಾದ್ರೆ ಮೈ ತುಂಬ ಬಟ್ಟೆ, ಉಣ್ಣಿ ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡೋ ಡೇಪಾ ಎಣ್ಣೆ ಕೈಕಾಲಿಗೆ ಹಚ್ಕೊಂಡು, ಬಂದ ಕೂಡ್ಲೇ ಬಿಸಿನೀರು ಸ್ನಾನ, ಬಟ್ಟೆ ಬೇರೆ ನೆನೆಹಾಕಿ. ಸತ್ತ ಮಂಗ ಕಂಡ್ರೆ ಹತ್ತಿರ ಹೋಗ್ಬೇಡಿ, ಆಶಾ ಕಾರ್ಯಕರ್ತೆಗೆ ಹೇಳಿ. ಹಬ್ಬ ಮುಗಿಸಿ ಪೇಟೆಗೆ ಹೋದ್ಮೇಲೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದ್ರೆ ಡಾಕ್ಟ್ರಿಗೆ ಮಲೆನಾಡಿಗೆ ಹೋಗಿದ್ದೆ ಅಂತ ಹೇಳಲೇಬೇಕು, ಅಲ್ಲಿಯವರಿಗೆ ಅದು ತಟ್ಟಂತ ಹೊಳೆಯಲ್ಲ.

ಹಾಗಾದ್ರೆ ಗೋದಲಿಗೆ ಹಸಿರು ಎಲ್ಲಿಂದ? ತೆಂಗಿನ ಚಿಪ್ಪಲ್ಲಿ ಮಣ್ಣು ತುಂಬಿ ರಾಗಿ, ಭತ್ತ ಬಿತ್ತಿ, ಡಿಸೆಂಬರ್ 12ರ ಸುಮಾರಿಗೆ ಹಾಕಿದ್ರೆ ಹಬ್ಬಕ್ಕೆ ಹಸಿರು ಬಂದಿರತ್ತೆ, ಮಕ್ಕಳು ದಿನಾ ನೀರು ಹಾಕ್ತಾರೆ, ಯಾರದು ಎತ್ತರ ಅಂತ ಜಗಳ ಬೇರೆ. ಗೋದಲಿಯ ಮಾಡಿಗೆ (ಚಾವಣಿಗೆ) ಒಣಹುಲ್ಲು. ನಕ್ಷತ್ರಕ್ಕೆ ಬಿದಿರಿನ ಸೀಳು, ಕಾಗದ ಅಂಟಿಸಿದ್ರೆ ಇಬ್ಬನಿಗೆ ಬೆಳಿಗ್ಗೆ ಹೊತ್ತಿಗೆ ಜೋಲುಬಿದ್ದಿರತ್ತೆ, ತೆಳು ಪ್ಲಾಸ್ಟಿಕ್ ಸುತ್ತಿ ಅಥವಾ ಜಗಲಿ ಒಳಗೇ ಕಟ್ಟಿ.

ಸಂಡೇ ಸ್ಕೂಲ್ ನಾಟಕಕ್ಕೆ ದುಡ್ಡು ಖರ್ಚು ಮಾಡ್ಬೇಡಿ. ದೇವದೂತರ ರೆಕ್ಕೆ ಅಡಿಕೆ ಹಾಳೇದು, ನೆನೆಸಿ ಬಗ್ಗಿಸಿ ಸುಣ್ಣ ಹಚ್ಚಿದ್ರೆ ಆಯ್ತು. ಕುರುಬರಿಗೆ ಕಂಬಳಿ, ಹಾಳೆ ಟೋಪಿ. ಬಾಲಯೇಸುವಿಗೆ ಚಿನ್ನ, ಧೂಪ ಕಾಣಿಕೆ ತಂದ ಮೂವರು ಜ್ಞಾನಿಗಳ ಕೈಗೆ ನಮ್ಮ ಮಕ್ಕಳೇ ಸೇರಿ ಏಲಕ್ಕಿ, ಕಾಳುಮೆಣಸು, ಒಂದು ಅಡಿಕೆ ಗೊನೆ ಕೊಟ್ರು, ಚಿನ್ನ ಎಲ್ಲಿ ಅಂತ ನಾನು ಕೇಳಿದ್ರೆ ‘ಈ ವರ್ಷದ ರೇಟಿಗೆ ಅಡಿಕೆನೇ ಚಿನ್ನ ಅಮ್ಮಾ’ ಅಂದ ಮೂರನೇ ಕ್ಲಾಸಿನವ. ನಿಜವಾದ ಮಗೂನ ಬಾಲಯೇಸು ಮಾಡೋಕೆ ಹೋಗ್ಬೇಡಿ, ದೇವದೂತ ಗೇಬ್ರಿಯಲ್‌ನ ನೋಡಿ ಕಿರುಚಿಕೊಳ್ಳತ್ತೆ.

ಆರಾಧನೆ ಟೈಮು: ಇಲ್ಲಿ ನಡುರಾತ್ರಿ ಇಡ್ಬೇಡಿ. ಜನ ಎರಡು ಮೂರು ಕಿಲೋಮೀಟರ್ ತೋಟದ ದಾರಿ ನಡೀಬೇಕು, ಹಾವು ಇದೆ, ಬಸ್ಸಿಲ್ಲ. 24ಕ್ಕೆ ಸಂಜೆ ಆರೂವರೆ, 25ಕ್ಕೆ ಬೆಳಿಗ್ಗೆ ಎಂಟು, ಒಂದು ಗಂಟೇಲಿ ಮುಗಿಸಿ. ಪ್ರಸಂಗ ಇಪ್ಪತ್ತು ನಿಮಿಷ ದಾಟಿದ್ರೆ ನಾನು ಹಿಂದಿನ ಸಾಲಲ್ಲಿ ಕೆಮ್ಮುತೀನಿ, ನಮ್ಮ ಅಯ್ಯನವರಿಗೆ (ಸಭಾಪಾಲಕರಿಗೆ) ಅರ್ಥ ಆಗತ್ತೆ. ಮಧ್ಯಾಹ್ನ ಊಟ ಎರಡು ಒಲೆ, ಎರಡು ಸೌಟು, ಸಸ್ಯಾಹಾರದ್ದು ಬೇರೆಯವರ ಕೈಲೇ ಬಡಿಸಿ.

ಈಗ ಮನೆಯೊಳಗಿನ ಮಾತು, ಇದನ್ನ ಯಾವ ಟ್ರೈನಿಂಗಲ್ಲೂ ಹೇಳಲ್ಲ. ಎಲ್ಲರ ಹಬ್ಬ ಮಾಡಿ ಮಾಡಿ ಸಭಾಪಾಲಕರ ಮನೇಲಿ ಹಬ್ಬ ಇರಲ್ಲ. ನಲವತ್ತು ಜನ ಬಂದು ಹೋಗಿ, ಪಾತ್ರೆ ರಾಶಿ ಬಿದ್ದು, ಮಕ್ಕಳು ಅಜ್ಜಿ ಮನೆಗೆ ಯಾವಾಗ ಅಂತ ಕೇಳಿ ಕೇಳಿ ಮಲಗಿರ್ತಾರೆ. ನನಗೆ ನಾಲ್ಕನೇ ವರ್ಷ ಕ್ರಿಸ್‌ಮಸ್ ಅಂದ್ರೇ ಹೆದರಿಕೆ ಶುರುವಾಗಿತ್ತು. ಆಮೇಲೆ ನಿಯಮ ಮಾಡ್ಕೊಂಡ್ವಿ: 23ಕ್ಕೆ ರಾತ್ರಿ ನಮ್ಮ ಮನೆ ನಾಲ್ಕೇ ಜನ ಕೂತು ಕಡುಬು, ಕೋಳಿ ಸಾರು, ಬಾಗಿಲು ಅರ್ಧ ಮುಚ್ಚಿ. 27, 28 ಎರಡು ದಿನ ಊರಲ್ಲೇ ಇರಲ್ಲ, ಘಟ್ಟ ಇಳಿದು ಅಮ್ಮನ ಮನೆ. ಹಿರಿಯರಿಗೆ ಮೊದಲೇ ಹೇಳಿರ್ತೀವಿ, ಮೊದಲ ಸಲ ಒಂದಿಬ್ರು ಮುಖ ಊದಿಸಿದ್ರು, ಈಗ ಅವರೇ ಹೊಸ ವರ್ಷದ ಆರಾಧನೆಗೆ 31ಕ್ಕೆ ಬನ್ನಿ ಸಾಕು ಅಂತಾರೆ. ಅಡುಗೆಯನ್ನೂ ಒಬ್ಬರ ತಲೆಗೆ ಕಟ್ಬೇಡಿ, ಅಮ್ಮನವರೇ ಮಾಡ್ಲಿ ಅನ್ನೋ ಅಭ್ಯಾಸ ಬೀಳೋಕೆ ಒಂದೇ ವರ್ಷ ಸಾಕು, ಬಿಡ್ಸೋಕೆ ಐದು.

ಕ್ಯಾರಲ್ ಡಬ್ಬಕ್ಕೆ ಬಿದ್ದ ದುಡ್ಡು ಅವತ್ತು ರಾತ್ರೀನೇ ಮೂರು ಜನ ಎದುರು ಎಣಿಸಿ ಬರೆದಿಡಿ, ಹತ್ತು ರೂಪಾಯಿ ಆದ್ರೂ.

26ರಿಂದ ತಟ್ಟೆ ವಾಪಸ್ ಬರೋಕೆ ಶುರು. ಇಲ್ಲಿ ಖಾಲಿ ತಟ್ಟೆ ಯಾರೂ ಕಳಿಸಲ್ಲ, ಒಂದರಲ್ಲಿ ಬೆಲ್ಲ, ಒಂದರಲ್ಲಿ ನಾಲ್ಕು ನಿಂಬೆಹಣ್ಣು, ಒಂದರಲ್ಲಿ ಸೂಜಿಮೆಣಸು. ತಂದವರನ್ನ ಬಾಗಿಲಲ್ಲೇ ಕಳಿಸಬೇಡಿ, ಕೂರ್ಸಿ, ಅವಸರ ಮಾಡ್ಬೇಡಿ, ವರ್ಷವಿಡೀ ಹೇಳದೇ ಇರೋ ಮಾತು ಆ ತಟ್ಟೆ ನೆಪದಲ್ಲಿ ಹೊರಗೆ ಬರತ್ತೆ. ಜನವರಿ 6 ಕಳೆದ ಮೇಲೆ ಗೋದಲಿ ಬಿಚ್ಚಿ, ಹುಲ್ಲು ಪಕ್ಕದ ಮನೆ ದನಕ್ಕೆ, ಚಿಪ್ಪಲ್ಲಿ ಬೆಳೆದ ರಾಗಿ ಪೈರೂ ಅದಕ್ಕೇ. ಹಾಳೆ ರೆಕ್ಕೆ ಮಾತ್ರ ಅಟ್ಟದ ಮೇಲೆ ಹೊಗೆ ತಾಗೋ ಕಡೆ ಇಡಿ, ಇಲ್ಲಾಂದ್ರೆ ಮಳೆಗಾಲಕ್ಕೆ ಬೂಷ್ಟು ಬರತ್ತೆ.