ಮಳೆಗಾಲ ಮುಗಿದರೂ ಏಳದ ಕಾರು

ಕಾರವಾರದ ಬೈತಖೋಲದ ಶೆಡ್ಡಿನಲ್ಲಿ ಜೂನ್‌ನಿಂದ ನಿಂತಿದ್ದ ನನ್ನ ಹಳೇ ಸ್ಪೋರ್ಟ್ಸ್ ಕಾರು, ಕೀಲಿ ತಿರುಗಿಸಿದರೆ ಬರೀ ‘ಟಿಕ್’. ಬ್ಯಾಟರಿ ಚಾರ್ಜ್ ಮಾಡಿಸಿದ್ದೆ, 12.6 ವೋಲ್ಟ್ ಇತ್ತು. ಎಂಜಿನ್ ತಿರುಗಿಸಿ ಎಬ್ಬಿಸುವ ಸ್ಟಾರ್ಟರ್ ಮೋಟರ್ ಬದಲಿಸು ಅಂದರು ಎಲ್ಲರೂ. ಅಳೆಯದೆ ದುಡ್ಡು ಸುರಿಯುವವನು ನಾನಲ್ಲ. ಮಲ್ಟಿಮೀಟರಿನ ಒಂದು ಮೊನೆ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಹಿಡಿದು, ಗೆಳೆಯನಿಗೆ ಕೀಲಿ ತಿರುಗಿಸಲು ಹೇಳಿದೆ. ಅರ್ಧ ವೋಲ್ಟ್ ದಾಟಬಾರದ ಕಡೆ 4 ವೋಲ್ಟ್! ಅಂದರೆ ಕರೆಂಟು ಬ್ಯಾಟರಿಗೆ ವಾಪಸ್ ಬರುವ ದಾರಿಯಲ್ಲೇ ತಡೆ. ನೋಡಿದರೆ, ಆ ದಾರಿಯಾದ ಅರ್ತಿಂಗ್ ಪಟ್ಟಿಯ ಬೋಲ್ಟಿನಡಿ ಹಸಿರು ಕಿಲುಬು. ನಮ್ಮ ಉಪ್ಪುಗಾಳಿಗೆ ತಾಮ್ರ ಸಿಕ್ಕರೆ ಬಂಗಡೆ ಕಂಡ ಬೆಕ್ಕಿನಂತೆಯೇ. ಮೇಲಾಗಿ ಈ ಕಾರಿನ ಮೈ ಫೈಬರ್‌ಗ್ಲಾಸ್, ಕರೆಂಟು ವಾಪಸ್ ಹರಿಯಲು ತಗಡಿನ ಅಡ್ಡದಾರಿಯೂ ಇಲ್ಲ. ಬ್ಯಾಟರಿ ಕಳಚಿ, ಲೋಹ ಹೊಳೆಯುವವರೆಗೆ ಉಪ್ಪುಕಾಗದದಿಂದ ಉಜ್ಜಿ, ಹೊಸ ಪಟ್ಟಿ ಬಿಗಿದು, ಮೇಲೆ ವ್ಯಾಸಲೀನ್ ಸವರಿದೆ. ಹಳೇ ಪೆಟ್ರೋಲ್ ಬದಲಿಸಿದ್ದೂ ಆಯಿತು. ಎಂಜಿನ್ ಕೆಮ್ಮುತ್ತ ಎದ್ದಿತು. ಇನ್ನು ಬ್ರೇಕ್ ಬಿಚ್ಚಬೇಕು, ಹಿಂದಿನ ಚಕ್ರ ಹಿಡಿದುಕೊಂಡಿದೆ.