ಜಿಮೇಲಲ್ಲಿ ಫಿಲ್ಟರ್ ಹಾಕುದು ಹೇಗೆ: ಮೊದ್ಲು ಗಿರಾಕಿಯ ಮೇಲ್, ಮತ್ತೆ ಕಸ

ನಂದು ಉಡುಪಿಯಲ್ಲಿ ಸಣ್ಣ ಡಿಟಿಪಿ, ಪ್ರಿಂಟಿಂಗ್ ಅಂಗಡಿ. ದೀಪಾವಳಿ ಕಳೆದ್ರೆ ಮಳೆ ಹಿಡಿಯುವವರೆಗೆ ಪುರುಸೊತ್ತಿಲ್ಲ, ಮದುವೆ ಕಾಗದ, ನೇಮದ (ದೈವದ ಕೋಲದ) ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್, ಬ್ರಹ್ಮಕಲಶದ ಬ್ಯಾನರ್ ಎಲ್ಲ ಒಟ್ಟೊಟ್ಟಿಗೆ. ವಾಟ್ಸಾಪಲ್ಲಿ ಫೋಟೋದ ಕ್ವಾಲಿಟಿ ಹೋಗ್ತದೆ, ಹಾಗಾಗಿ ಮೇಲ್ ಮಾಡಿ ಅಂತ ನಾನೇ ಹೇಳುದು. ಕಳೆದ ಸೀಸನಲ್ಲಿ ಒಂದು ಮನೆಯವರು ನೇಮದ ಕಾಗದದ ತಿದ್ದುಪಡಿ ಮೇಲ್ ಮಾಡಿದ್ರು, ಅದು ಆಫರ್ ಮೇಲ್‌ಗಳ ಅಡಿಗೆ ಹೋಗಿ ನನಗೆ ಕಾಣ್ಲೇ ಇಲ್ಲ, ಅನ್ನಸಂತರ್ಪಣೆಯ ಸಮಯ ತಪ್ಪಾಗಿಯೇ ಪ್ರಿಂಟ್ ಆಯ್ತು. 500 ಕಾಗದ ಪುನಃ ಹೊಡೆದು ಕೊಟ್ಟೆ. ದುಡ್ಡು ಹೋದದ್ದಕ್ಕಿಂತ ಅವರ ಮುಖ ನೋಡ್ಲಿಕ್ಕೆ ಕಷ್ಟ ಆಯ್ತು. ಆ ರಾತ್ರಿಯೇ ಕೂತು ಫಿಲ್ಟರ್ ಹಾಕಿದೆ, ಅಂದ್ರೆ ಬರುವ ಮೇಲನ್ನು ಜಿಮೇಲ್ ತನ್ನಷ್ಟಕ್ಕೇ ವಿಂಗಡ ಮಾಡುವ ಹಾಗೆ.

ಹೆಚ್ಚಿನವರು ಕಸದಿಂದ, ಅಂದ್ರೆ ಆಫರ್ ಮೇಲ್‌ಗಳಿಂದ ಶುರು ಮಾಡ್ತಾರೆ. ಬೇಡ ಮಾರಾಯ್ರೇ, ತಪ್ಪಿ ಹೋಗ್ಬಾರದ ಮೇಲ್ ಯಾವುದು, ಅದಕ್ಕೆ ಮೊದ್ಲು ಫಿಲ್ಟರ್ ಹಾಕಿ.

ಮೊಬೈಲ್ ಆಪಲ್ಲಿ ಫಿಲ್ಟರ್ ಮಾಡ್ಲಿಕ್ಕೆ ಆಗುದಿಲ್ಲ, ಕಂಪ್ಯೂಟರಲ್ಲಿ ಜಿಮೇಲ್ ತೆಗೀರಿ. ಮೇಲೆ ಸರ್ಚ್ ಬಾಕ್ಸ್ ಉಂಟಲ್ಲ, ಅದರ ಬಲಬದಿಯ ಸಣ್ಣ ಗೆರೆಗಳ ಐಕಾನ್ ಒತ್ತಿದ್ರೆ ಫ್ರಮ್, ಟು, ಸಬ್ಜೆಕ್ಟ್ ಅಂತೆಲ್ಲ ಒಂದು ಫಾರ್ಮ್ ಬರ್ತದೆ. ಬೇಕಾದ್ದು ತುಂಬಿಸಿ ಮೊದ್ಲು ಬರೀ ಸರ್ಚ್ ಒತ್ತಿ, ಯಾವ್ಯಾವ ಮೇಲ್ ಸಿಕ್ಕಿಬೀಳ್ತದೆ ಅಂತ ಅಲ್ಲೇ ಗೊತ್ತಾಗ್ತದೆ. ಸರಿ ಉಂಟು ಅಂತಾದ್ರೆ ಪುನಃ ಅದೇ ಐಕಾನ್ ಒತ್ತಿ ಕ್ರಿಯೇಟ್ ಫಿಲ್ಟರ್ ಕೊಡಿ, ಎಂತ ಮಾಡ್ಬೇಕು ಅಂತ ಕೇಳ್ತದೆ.

ಗಿರಾಕಿಗಳು ದಿನಾ ಹೊಸಬರು, ಅವರ ವಿಳಾಸ ನಮಗೆ ಮೊದ್ಲೇ ಗೊತ್ತಿರುದಿಲ್ಲ. ಇದಕ್ಕೆ ಜಿಮೇಲಲ್ಲಿ ಒಂದು ಒಳ್ಳೆ ದಾರಿ ಉಂಟು. ನಿಮ್ಮ ವಿಳಾಸದಲ್ಲಿ ಅಟ್ ಚಿಹ್ನೆಯ ಮೊದ್ಲು ಪ್ಲಸ್ ಹಾಕಿ ಒಂದು ಶಬ್ದ ಸೇರಿಸಿದ್ರೂ ಮೇಲ್ ನಿಮಗೇ ಬರ್ತದೆ, ಹೊಸ ಅಕೌಂಟ್ ಎಂತದ್ದೂ ಬೇಡ. ನಾನು ಪ್ಲಸ್ ಕಾರ್ಡ್ (+card) ಅಂತ ಸೇರಿಸಿದ ವಿಳಾಸವನ್ನೇ ಗಿರಾಕಿಗಳಿಗೆ ಕೊಡುದು, ಆದ್ರೆ ಫೋನಲ್ಲಿ ಬಾಯಲ್ಲಿ ಹೇಳ್ಬೇಡಿ, ಪ್ಲಸ್ ಅಂದದ್ದನ್ನು ಅಕ್ಷರದಲ್ಲಿ ಬರೀತಾರೆ, ಟೈಪ್ ಮಾಡಿ ವಾಟ್ಸಾಪ್ ಮಾಡಿ. ಫಿಲ್ಟರಲ್ಲಿ ಟು ಅಂತ ಇದ್ದಲ್ಲಿ ಆ ವಿಳಾಸ ಹಾಕಿ, ಸ್ಟಾರ್, ಒಂದು ಲೇಬಲ್ (ಮೇಲಿಗೆ ಅಂಟಿಸುವ ಹೆಸರಿನ ಚೀಟಿ), ಮತ್ತೆ ನೆವರ್ ಸೆಂಡ್ ಇಟ್ ಟು ಸ್ಪ್ಯಾಮ್, ಈ ಮೂರಕ್ಕೂ ಟಿಕ್ ಹಾಕಿ. ಕೊನೆಯದ್ದು ಮರೀಬೇಡಿ, ಸ್ಪ್ಯಾಮಿಗೆ ಹೋದ ಮೇಲ್ 30 ದಿವಸ ಕಳೆದ್ರೆ ತನ್ನಷ್ಟಕ್ಕೇ ಡಿಲೀಟ್ ಆಗ್ತದೆ.

ಬ್ಯಾಂಕು, ಮೆಸ್ಕಾಂನ ಕರೆಂಟ್ ಬಿಲ್ಲು, ಜಿಎಸ್‌ಟಿ, ಪೇಪರ್ ಸಪ್ಲೈ ಮಾಡುವವರು, ಇವರದ್ದೆಲ್ಲ ಒಂದೇ ಫಿಲ್ಟರಲ್ಲಿ ಆಗ್ತದೆ. ಫ್ರಮ್ ಜಾಗದಲ್ಲಿ ವಿಳಾಸಗಳ ನಡುವೆ ಇಂಗ್ಲಿಷಿನ ಆರ್ (OR) ಅಂತ ಬರೀರಿ, ದೊಡ್ಡಕ್ಷರದಲ್ಲೇ.

ಈಗ ಕಸ. ಆಫರ್ ಮೇಲ್‌ಗಳ ಅಡಿಯಲ್ಲಿ ಅನ್‌ಸಬ್‌ಸ್ಕ್ರೈಬ್ ಅನ್ನುವ ಶಬ್ದ ಇದ್ದೇ ಇರ್ತದೆ ಹೆಚ್ಚಾಗಿ, ಹ್ಯಾಸ್ ದಿ ವರ್ಡ್ಸ್ ಅಂತ ಇದ್ದಲ್ಲಿ ಅದನ್ನು ಇಂಗ್ಲಿಷಲ್ಲಿ ಹಾಕಿ, ಸ್ಕಿಪ್ ದಿ ಇನ್‌ಬಾಕ್ಸ್ ಕೊಟ್ಟು ಆಫರ್ ಅಂತ ಲೇಬಲ್ ಮಾಡಿ. ಡಿಲೀಟ್ ಮಾತ್ರ ಕೊಡ್ಬೇಡಿ. ಬ್ಯಾಂಕಿನವರ ಕೆಲವು ಮೇಲಲ್ಲೂ ಆ ಶಬ್ದ ಇರ್ತದೆ, ಮತ್ತೆ ಒಂದು ಮೇಲಿಗೆ ಎರಡು ಫಿಲ್ಟರ್ ತಾಗಿದ್ರೆ ಜಿಮೇಲ್ ಎರಡನ್ನೂ ಮಾಡ್ತದೆ, ಒಂದು ಸ್ಟಾರ್ ಹಾಕ್ತದೆ, ಇನ್ನೊಂದು ಇನ್‌ಬಾಕ್ಸಿಂದ ತೆಗೀತದೆ, ನಾವು ಇನ್‌ಬಾಕ್ಸ್ ಮಾತ್ರ ನೋಡುವವರಾದ್ರೆ ಪುನಃ ಮೊದಲಿನ ಕಥೆಯೇ. ಹಾಗಾಗಿ ಬೇಕಾದವರನ್ನು ಹೊರಗಿಡ್ಬೇಕು: ಅನ್‌ಸಬ್‌ಸ್ಕ್ರೈಬ್ ಆದ ಮೇಲೆ ಒಂದು ಸ್ಪೇಸ್, ಮತ್ತೆ ಮೈನಸ್, ಅದಕ್ಕೆ ತಾಗಿಯೇ ಇಂಗ್ಲಿಷಲ್ಲಿ ಫ್ರಮ್, ಕೋಲನ್, ಅವರ ವಿಳಾಸ. ಒಬ್ಬೊಬ್ಬರಿಗೂ ಹೀಗೆ ಸೇರಿಸ್ತಾ ಹೋಗಿ. ಇದಕ್ಕೆ ಹತ್ತು ನಿಮಿಷ ಹೋಗ್ತದೆ, ಹೋಗ್ಲಿ.

ಹಳೆ ಮೇಲಿಗೂ ತಾಗ್ಬೇಕಂದ್ರೆ ಕೊನೆಯಲ್ಲಿ ಆಲ್ಸೋ ಅಪ್ಲೈ ಅಂತ ಶುರುವಾಗುವ ಟಿಕ್ ಹಾಕಿ ಆಮೇಲೆ ಕ್ರಿಯೇಟ್ ಫಿಲ್ಟರ್ ಒತ್ತಿ. ಒಮ್ಮೆ ಮಾಡಿಟ್ರೆ ಮೊಬೈಲಲ್ಲೂ ಮೇಲ್ ಹಾಗೆಯೇ ವಿಂಗಡ ಆಗಿ ಬರ್ತದೆ. ತಪ್ಪಾದ್ರೆ ಸೆಟ್ಟಿಂಗ್ಸಲ್ಲಿ ಫಿಲ್ಟರ್ಸ್ ಆಂಡ್ ಬ್ಲಾಕ್ಡ್ ಅಡ್ರೆಸಸ್ ಅಂತ ಟ್ಯಾಬ್ ಉಂಟು, ಅಲ್ಲಿ ಎಡಿಟ್ ಮಾಡ್ಬಹುದು. ನಾನು ಶನಿವಾರ ಅಂಗಡಿ ಮುಚ್ಚುವ ಮೊದ್ಲು ಆಫರ್ ಲೇಬಲ್ ಒಮ್ಮೆ ಮೇಲಿಂದ ಕೆಳಗೆ ನೋಡ್ತೇನೆ, ಯಾರಾದ್ರೂ ಬೇಕಾದವರು ಅಲ್ಲಿ ಬಿದ್ದಿದ್ರೆ ಅವರದ್ದೂ ಒಂದು ಮೈನಸ್ ಸೇರಿಸ್ತೇನೆ.